ಹಂದಿ ಮಾಂಸದ ವಾಂಟನ್ ಸೂಪು: ಮಾಂಸಕ್ಕೆ ನೀರು ಕುಡಿಸುವ ಅಡುಗೆ

ನಮ್ಮ ಊರುಗಳ ಚೈನೀಸ್ ಹೋಟೆಲುಗಳಲ್ಲಿ ವಾಂಟನ್ ಸೂಪು ಎಂದು ಕೇಳಿದರೆ ಸಾಮಾನ್ಯವಾಗಿ ಬರುವುದು ಕಾರ್ನ್ ಫ್ಲೋರ್ ಹಾಕಿ ಮಂದ ಮಾಡಿದ, ಎಲೆಕೋಸು ಮತ್ತು ಕ್ಯಾರೆಟ್ ಚೂರುಗಳು ತೇಲುವ ಸೂಪು. ಹಾಂಗ್‌ಕಾಂಗ್‌ನ ನೂಡಲ್ಸ್ ಅಂಗಡಿಗಳಲ್ಲಿ ಅದೇ ಹೆಸರಿನಿಂದ ಕೊಡುವ ಸೂಪು ಬೇರೆಯೇ ಪದಾರ್ಥ. ಅದರಲ್ಲಿ ಬಟ್ಟಲಿನ ತಳ ಕಾಣುವಷ್ಟು ತಿಳಿಯಾದ ಮೂಳೆಯ ರಸವಿರುತ್ತದೆ, ಮೇಲೆ ಒಂದಿಷ್ಟು ಸೊಪ್ಪಿನ ಚೂರು ಇರುತ್ತದೆ, ಒಳಗೆ ತೆಳುವಾದ ಹಾಳೆಯಲ್ಲಿ ಸುತ್ತಿದ ಮಾಂಸದ ಉಂಡೆಗಳಿರುತ್ತವೆ. ಮದುವೆಯಾಗಿ ಹಾಂಗ್‌ಕಾಂಗ್ ನಗರಕ್ಕೆ ಬಂದ ಮೇಲೆ ನಾನು ಮನಸ್ಸಿಟ್ಟು ಕಲಿತ ಅಡುಗೆ ಇದು. ಇದರ ರುಚಿ ಮಸಾಲೆಯಿಂದ ಬರುವುದಲ್ಲ, ಸಾಸಿನಿಂದಲೂ ಅಲ್ಲ. ಕೈಮಾ ಮಾಡಿದ ಹಂದಿ ಮಾಂಸಕ್ಕೆ ಎಷ್ಟು ನೀರು ಕುಡಿಸುತ್ತೀರಿ ಮತ್ತು ಹೇಗೆ ಕುಡಿಸುತ್ತೀರಿ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಲೆನಾಡಿನ ನನ್ನ ತವರಿನಲ್ಲಿ ಹಂದಿ ಮಾಂಸ ಹೊಸದೇನೂ ಆಗಿರಲಿಲ್ಲ. ಅಲ್ಲಿಯಾಗಲಿ ಪಕ್ಕದ ಕೊಡಗಿನಲ್ಲಾಗಲಿ ಮಾಂಸವನ್ನು ಚರ್ಮ, ಕೊಬ್ಬುಗಳ ಸಮೇತ ದಪ್ಪ ತುಂಡು ಮಾಡಿ, ಕಪ್ಪಾಗುವಂತೆ ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿಯಲ್ಲಿ ಬೇಯಿಸುತ್ತಾರೆ. ಕೊಡಗಿನವರು ಕೊನೆಗೆ ಕಾಚಂಪುಳಿಯ ಹುಳಿ ಕೊಡುತ್ತಾರೆ. ಆ ಅಡುಗೆಯಲ್ಲಿ ಮಾಂಸದ ಜೊತೆ ಮಸಾಲೆಯೂ ಸಮವಾಗಿ ನಿಂತು ಮಾತನಾಡುತ್ತದೆ. ಹಾಂಗ್‌ಕಾಂಗ್ ಮತ್ತು ಅದರ ಪಕ್ಕದ ದಕ್ಷಿಣ ಚೀನಾದ ಕ್ಯಾಂಟನೀಸ್ ಜನರ ಈ ಸೂಪಿನಲ್ಲಿ ಮಾಂಸಕ್ಕೆ ಅಂಥ ಆಸರೆಯೇ ಇಲ್ಲ. ಉಪ್ಪು, ಬಿಳಿ ಮೆಣಸು, ಶುಂಠಿಯ ರಸ, ಸ್ವಲ್ಪ ಸೋಯಾ ಸಾಸ್ ಬಿಟ್ಟರೆ ಉಳಿದದ್ದು ಮಾಂಸವೇ. ಆದ್ದರಿಂದ ಮಾಂಸ ಹಳತಾಗಿದ್ದರೆ ಅಥವಾ ಬರೀ ಕೆಂಪು ಮಾಂಸವಾಗಿದ್ದರೆ ಮರೆಮಾಚಲು ದಾರಿಯಿರುವುದಿಲ್ಲ.

ಇಲ್ಲಿನ ಮಾರುಕಟ್ಟೆಯಲ್ಲಿ ಮಾಂಸದ ಅಂಗಡಿಗಳ ಮೇಲೆ ಕೆಂಪು ಮುಸುಕಿನ ದೀಪಗಳು ಸಾಲಾಗಿ ತೂಗಾಡುತ್ತವೆ, ತೂಕ ಇಂದಿಗೂ ಸುಮಾರು 600 ಗ್ರಾಮಿನ ಕ್ಯಾಟಿ ಲೆಕ್ಕದಲ್ಲಿ ನಡೆಯುತ್ತದೆ. ಕೈಮಾಕ್ಕೆ ಮಾಂಸ ಬೇಕೆಂದರೆ ಕಟುಕನಿಗೆ ಕೊಬ್ಬು ಎಷ್ಟಿರಬೇಕೆಂದು ತಿಳಿಸಲೇಬೇಕು. ವಾಂಟನ್ನಿಗೆ ಮೂರು ಪಾಲು ಕೊಬ್ಬು, ಏಳು ಪಾಲು ಕೆಂಪು ಮಾಂಸ ಸರಿಯಾದ ಹದ. ಭುಜದ ಭಾಗದ ಮಾಂಸಕ್ಕೆ ಸ್ವಲ್ಪ ಹೊಟ್ಟೆಯ ಭಾಗದ ಕೊಬ್ಬು ಸೇರಿಸಿದರೆ ಈ ಹದ ತಾನಾಗಿ ಬರುತ್ತದೆ. ಬೆಂಗಳೂರು, ಮಂಗಳೂರು, ಮಡಿಕೇರಿಗಳ ಹಂದಿ ಮಾಂಸದ ಅಂಗಡಿಗಳಲ್ಲೂ ಹೀಗೆಯೇ ಹೇಳಿ ತೆಗೆಸಿಕೊಳ್ಳಬಹುದು. ಯಂತ್ರದಲ್ಲಿ ಒಮ್ಮೆ ಮಾತ್ರ ಆಡಿಸಿದ ದಪ್ಪ ಕೈಮಾ ಸಾಕು; ಎರಡು ಮೂರು ಸಲ ಆಡಿಸಿದರೆ ಮಾಂಸ ಬಿಸಿಯಾಗಿ ಕೊಬ್ಬು ಕರಗಲು ತೊಡಗುತ್ತದೆ, ಬೆಂದಾಗ ಮೆತ್ತಗೆ ಹಿಟ್ಟಿನಂತಾಗುತ್ತದೆ. ಸಮಯವಿದ್ದರೆ ಮನೆಯಲ್ಲೇ ಕತ್ತಿಯಿಂದ ಕೊಚ್ಚಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ನಾಲ್ಕು ಮಂದಿಗೆ ನಾನು 400 ಗ್ರಾಂ ಕೈಮಾ ತೆಗೆದುಕೊಳ್ಳುತ್ತೇನೆ. ಮಾಂಸ ಫ್ರಿಜ್ಜಿನಿಂದ ಆಗಷ್ಟೇ ತೆಗೆದಂತೆ ತಣ್ಣಗಿರಬೇಕು. ಒಂದು ಹೆಬ್ಬೆರಳುದ್ದದ ಶುಂಠಿ ಮತ್ತು ಎರಡು ಎಳೆ ಈರುಳ್ಳಿ ಸೊಪ್ಪನ್ನು ಜಜ್ಜಿ ಅರ್ಧ ಲೋಟ ತಣ್ಣೀರಿನಲ್ಲಿ ಹಿಸುಕಿ ಸೋಸಿದರೆ ಕಮ್ಮನೆಯ ನೀರು ಸಿಗುತ್ತದೆ. ಶುಂಠಿಯ ನಾರು ಬಾಯಿಗೆ ಸಿಗದೆ ಅದರ ಪರಿಮಳ ಮಾತ್ರ ಮಾಂಸಕ್ಕೆ ಸೇರುವ ದಾರಿ ಇದು. ಮೊದಲು ಕೈಮಾಕ್ಕೆ ಮುಕ್ಕಾಲು ಚಮಚ ಉಪ್ಪು, ಒಂದು ಚಮಚ ಸಕ್ಕರೆ, ಅರ್ಧ ಚಮಚ ಬಿಳಿ ಮೆಣಸಿನ ಪುಡಿ, ಒಂದು ದೊಡ್ಡ ಚಮಚ ತಿಳಿ ಸೋಯಾ ಸಾಸ್ ಮತ್ತು ಸಿಕ್ಕರೆ ಅಷ್ಟೇ ಶಾವೋಶಿಂಗ್ ಅಕ್ಕಿ ವೈನ್ ಹಾಕಿ ತಿರುವಬೇಕು. ಉಪ್ಪು ಮೊದಲೇ ಬೀಳಬೇಕಾದದ್ದಕ್ಕೆ ಕಾರಣವಿದೆ. ಮಾಂಸದೊಳಗಿನ ಮಯೊಸಿನ್ ಎಂಬ ಪ್ರೋಟೀನು ಉಪ್ಪಿಗೆ ಬಿಡಿಸಿಕೊಂಡು ಹೊರಬರುತ್ತದೆ, ತಿರುವಿದಷ್ಟೂ ಒಂದಕ್ಕೊಂದು ಹೆಣೆದುಕೊಂಡು ಬಲೆ ಕಟ್ಟುತ್ತದೆ, ಆ ಬಲೆಯೇ ಮುಂದೆ ನೀರನ್ನೂ ಕೊಬ್ಬನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಈ ಹಂತವನ್ನು ನಾನು ಕಲಿತದ್ದು ನಮ್ಮ ಪಕ್ಕದ ಮನೆಯ ಹಿರಿಯಾಕೆಯಿಂದ. ಅವರು ಚಮಚ ಬಳಸುವುದಿಲ್ಲ. ನಾಲ್ಕು ಚಾಪ್‌ಸ್ಟಿಕ್ಕುಗಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು, ಬಟ್ಟಲನ್ನು ಸೊಂಟಕ್ಕೆ ಒತ್ತಿಕೊಂಡು, ಒಂದೇ ದಿಕ್ಕಿನಲ್ಲಿ ತಿರುವುತ್ತ ಹೋಗುತ್ತಾರೆ. ಶುಂಠಿ ನೀರನ್ನು ಒಂದೊಂದೇ ಚಮಚದಷ್ಟು ಸುರಿಯುತ್ತಾರೆ. ಹಾಕಿದ ನೀರು ಪೂರ್ತಿ ಇಂಗಿ ಬಟ್ಟಲಿನ ಅಂಚು ಒಣಗುವ ತನಕ ಮುಂದಿನ ಚಮಚಕ್ಕೆ ಕೈ ಹಾಕುವುದಿಲ್ಲ. ನಡುನಡುವೆ ಮಾಂಸವನ್ನೆಲ್ಲ ಒಟ್ಟುಗೂಡಿಸಿ ಎತ್ತಿ ಬಟ್ಟಲಿನ ತಳಕ್ಕೆ ಪಟಪಟನೆ ಬಡಿಯುತ್ತಾರೆ, ಆ ಸದ್ದು ಗೋಡೆಯಾಚೆ ನಮ್ಮ ಅಡುಗೆಮನೆಗೂ ಕೇಳುತ್ತದೆ. ಐದಾರು ಚಮಚ ನೀರು ಹಿಡಿಯುವ ಹೊತ್ತಿಗೆ ಕೈಮಾದ ಬಿಡಿಬಿಡಿ ಕಾಳುಗಳು ಕಾಣದಾಗುತ್ತವೆ. ಬಣ್ಣ ಕೆಂಪಿನಿಂದ ತಿಳಿ ಗುಲಾಬಿಗೆ ತಿರುಗುತ್ತದೆ, ಉದ್ದಿನ ವಡೆಯ ಹಿಟ್ಟಿನಂತೆ ಅಂಟು ಬಂದು ಬಟ್ಟಲಿನ ಗೋಡೆಗೆ ಎಳೆಎಳೆಯಾಗಿ ಹಿಡಿಯುತ್ತದೆ. ದಿಕ್ಕು ಬದಲಿಸಬಾರದೆಂಬ ನಿಯಮವನ್ನು ಇಲ್ಲಿ ಎಲ್ಲರೂ ಪಾಲಿಸುತ್ತಾರೆ, ನಾನೂ ಪಾಲಿಸುತ್ತೇನೆ. ಆದರೆ ದಿಕ್ಕಿಗಿಂತ ಮುಖ್ಯವಾದದ್ದು ಮಾಂಸ ತಣ್ಣಗಿರುವುದು ಮತ್ತು ನೀರು ಸ್ವಲ್ಪಸ್ವಲ್ಪವೇ ಸೇರುವುದು ಎಂದು ನನಗೆ ತೋರುತ್ತದೆ. ಒಮ್ಮೆಲೇ ಸುರಿದ ನೀರು ಬೇರೆಯಾಗಿಯೇ ನಿಲ್ಲುತ್ತದೆ, ಅಂಥ ಹೂರಣ ಹಾಳೆಯನ್ನು ನೆನೆಸಿ ಹರಿಯುತ್ತದೆ.

ನೀರು ಹಿಡಿದಾದ ಮೇಲೆ ಒಂದು ದೊಡ್ಡ ಚಮಚ ಕಾರ್ನ್ ಫ್ಲೋರ್, ಕೊನೆಯಲ್ಲಿ ಒಂದು ದೊಡ್ಡ ಚಮಚ ಎಳ್ಳೆಣ್ಣೆ. ಇದು ನಮ್ಮ ಒಗ್ಗರಣೆಯ ಎಳ್ಳೆಣ್ಣೆಯಲ್ಲ, ಹುರಿದ ಎಳ್ಳಿನಿಂದ ತೆಗೆದ ಕಂದು ಬಣ್ಣದ ಘಮಘಮಿಸುವ ಎಣ್ಣೆ. ಎಣ್ಣೆಯನ್ನು ಮೊದಲೇ ಹಾಕಿದರೆ ಅದು ಮಾಂಸದ ಕಣಗಳಿಗೆ ಲೇಪವಾಗಿ ನೀರು ಒಳಗೆ ಹೋಗಲು ಬಿಡುವುದಿಲ್ಲ, ಹಾಗಾಗಿ ಅದರ ಸರದಿ ಯಾವಾಗಲೂ ಕೊನೆಗೇ. ಹಾಂಗ್‌ಕಾಂಗ್ ಮತ್ತು ಗುವಾಂಗ್‌ಜೌ ಕಡೆಯ ಅಂಗಡಿಗಳಲ್ಲಿ ಹಂದಿಯ ಜೊತೆ ಸೀಗಡಿಯನ್ನೂ ಸೇರಿಸುವುದು ವಾಡಿಕೆ. ಮನೆಯಲ್ಲಿ ನಾನು ಬರೀ ಹಂದಿ ಮಾಂಸದ್ದನ್ನೇ ಮಾಡುತ್ತೇನೆ, ಏಕೆಂದರೆ ಸೀಗಡಿ ಸೇರಿದರೆ ಅದರ ಸಿಹಿಯೇ ಮುಂದಾಗುತ್ತದೆ. ಹೂರಣವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಒಂದು ಚಿಕ್ಕ ಉಂಡೆಯನ್ನು ಕುದಿಯುವ ನೀರಿಗೆ ಹಾಕಿ ಬೇಯಿಸಿ ತಿಂದು ನೋಡಿ ಉಪ್ಪು ಸರಿಪಡಿಸಿಕೊಳ್ಳಬೇಕು. ಹಸಿ ಹಂದಿ ಮಾಂಸವನ್ನು ನಾಲಿಗೆಗೆ ತಾಗಿಸಿ ರುಚಿ ನೋಡುವುದು ಸರ್ವಥಾ ಕೂಡದು.

ಹಾಳೆಗಳು ಇಲ್ಲಿ ನೂಡಲ್ಸ್ ಮಾರುವ ಅಂಗಡಿಗಳಲ್ಲಿ ತಾಜಾ ಸಿಗುತ್ತವೆ. ಕರ್ನಾಟಕದಲ್ಲಿ ದೊಡ್ಡ ಊರುಗಳ ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಸಿಕ್ಕರೆ ಸಿಗಬಹುದು, ಇಲ್ಲವಾದರೆ ಮನೆಯಲ್ಲಿ ಲಟ್ಟಿಸುವುದು ಚಪಾತಿ ಮಾಡಿ ರೂಢಿಯಿರುವ ಕೈಗೆ ಕಷ್ಟವಲ್ಲ. 250 ಗ್ರಾಂ ಮೈದಾ, ಒಂದು ಮೊಟ್ಟೆ, ಸುಮಾರು 70 ಮಿಲಿಲೀಟರ್ ನೀರು, ಚಿಟಿಕೆ ಉಪ್ಪು ಸೇರಿಸಿ ಚಪಾತಿ ಹಿಟ್ಟಿಗಿಂತ ಬಹಳ ಗಟ್ಟಿಯಾಗಿ ನಾದಬೇಕು. ಅಂಗಡಿಯ ಹಾಳೆಗಿರುವ ಹಳದಿ ಛಾಯೆ ಮತ್ತು ಜಗಿಯುವ ಗುಣ ಬರುವುದು ಹಿಟ್ಟಿಗೆ ಸೇರಿಸುವ ಕ್ಷಾರದಿಂದ. ಅದು ಸಿಗದ ಕಡೆ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ 120 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ ಒಣಗಿಸಿದರೆ ಅದು ಇನ್ನಷ್ಟು ತೀಕ್ಷ್ಣವಾದ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಅದರ ಕಾಲು ಚಮಚ ಈ ಹಿಟ್ಟಿಗೆ ಸಾಕು, ಬರಿಗೈಯಿಂದ ಮಾತ್ರ ಮುಟ್ಟಬಾರದು. ನಾದಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಮುಕ್ಕಾಲು ಗಂಟೆ ಬಿಟ್ಟು, ಅಂಗೈ ಇಟ್ಟರೆ ಆಚೆ ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಎಂಟು ಒಂಬತ್ತು ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಬೇಕು. ಒಂದಕ್ಕೊಂದು ಅಂಟದಿರಲು ಉದುರಿಸುವುದು ಮೈದಾ ಅಲ್ಲ, ಕಾರ್ನ್ ಫ್ಲೋರ್. ಮೈದಾ ಹಿಟ್ಟಿನ ತೇವ ಹೀರಿ ತಾನೇ ಅಂಟಾಗುತ್ತದೆ.

ಮಡಿಸುವ ಬಗೆಗಳು ಬಹಳ ಇವೆ. ಶಾಂಘೈ ಕಡೆ ತ್ರಿಕೋನವಾಗಿಯೋ ಆಯತವಾಗಿಯೋ ಮಡಚಿ ಎರಡು ಮೂಲೆಗಳನ್ನು ಒಟ್ಟಿಗೆ ತಂದು ಅಂಟಿಸುತ್ತಾರೆ. ಕ್ಯಾಂಟನೀಸ್ ರೀತಿ ಇನ್ನೂ ಸರಳ: ಹಾಳೆಯನ್ನು ಎಡಗೈಯ ಬೆರಳುಗಳ ಮೇಲಿಟ್ಟು, ನಡುವೆ ನೆಲ್ಲಿಕಾಯಿ ಗಾತ್ರಕ್ಕಿಂತ ಸಣ್ಣ ಹೂರಣ ಇಟ್ಟು, ಅಂಚುಗಳನ್ನೆಲ್ಲ ಒಟ್ಟುಗೂಡಿಸಿ ಕುತ್ತಿಗೆಯಲ್ಲಿ ಒಮ್ಮೆ ಹಿಸುಕಿ ಬಿಡುವುದು. ಉಳಿದ ಹಾಳೆ ಬಾಲದಂತೆ ಸಡಿಲವಾಗಿ ಇರುತ್ತದೆ, ಸೂಪಿನಲ್ಲಿ ಬಿದ್ದಾಗ ಹರಡಿಕೊಳ್ಳುತ್ತದೆ. ಯಾವ ರೀತಿ ಮಡಿಸಿದರೂ ಒಳಗೆ ಗಾಳಿ ಉಳಿಯದಂತೆ ಒತ್ತಬೇಕು. ಉಳಿದ ಗಾಳಿ ಬಿಸಿಗೆ ಹಿಗ್ಗಿ ಹಾಳೆಯನ್ನು ಒಡೆಯುತ್ತದೆ. ಹೂರಣ ಜಾಸ್ತಿ ತುಂಬುವ ಆಸೆಯನ್ನೂ ಬಿಡಬೇಕು, ಏಕೆಂದರೆ ದಪ್ಪ ಉಂಡೆಯ ನಡುಭಾಗ ಬೇಯುವಷ್ಟರಲ್ಲಿ ಹಾಳೆ ಕರಗಿಹೋಗಿರುತ್ತದೆ.

ಸೂಪಿನ ರಸವನ್ನು ಬೆಳಿಗ್ಗೆಯೇ ಒಲೆಗೇರಿಸುವುದು ಒಳ್ಳೆಯದು. ಒಂದು ಕಿಲೋ ಹಂದಿ ಮೂಳೆಯನ್ನು ತಣ್ಣೀರಿನಲ್ಲಿ ಇಟ್ಟು ಒಂದು ಕುದಿ ಬರಿಸಿ, ನೊರೆಯ ಸಮೇತ ಆ ನೀರನ್ನು ಚೆಲ್ಲಿ, ಮೂಳೆಗಳನ್ನು ನಲ್ಲಿಯ ಕೆಳಗೆ ತೊಳೆದು, ಹೊಸದಾಗಿ ಮೂರು ಲೀಟರ್ ನೀರು ಮತ್ತು ಶುಂಠಿಯ ತುಂಡಿನೊಂದಿಗೆ ಮತ್ತೆ ಇಡಬೇಕು. ಅಲ್ಲಿಂದ ಮುಂದೆ ಎರಡು ಮೂರು ಗಂಟೆ ಉರಿ ಎಷ್ಟು ಸಣ್ಣಗಿರಬೇಕೆಂದರೆ ಪಾತ್ರೆಯ ಒಂದು ಬದಿಯಲ್ಲಿ ಆಗೊಂದು ಈಗೊಂದು ಗುಳ್ಳೆ ಏಳಬೇಕು, ಅಷ್ಟೇ. ಕೊತಕೊತ ಕುದಿದರೆ ಕೊಬ್ಬು ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆತು ರಸ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಬೇರೆ ಸೂಪುಗಳಿಗೆ ಸರಿ, ಇದಕ್ಕಲ್ಲ. ಹಾಂಗ್‌ಕಾಂಗ್‌ನ ಸೂಪಿಗೆ ಅದರ ವಿಶೇಷ ವಾಸನೆ ಕೊಡುವುದು ಒಣಗಿಸಿದ ಚಪ್ಪಟೆ ಮೀನು, ನಮ್ಮ ಕರಾವಳಿಯ ನಂಗ್ ಮೀನಿನ ಬಳಗದ್ದು. ಶ್ಯಾಂಗ್ ವಾನ್ ಬಡಾವಣೆಯ ಒಣಮೀನಿನ ಅಂಗಡಿಗಳಲ್ಲಿ ಅದನ್ನು ಕಟ್ಟುಕಟ್ಟಾಗಿ ಪೇರಿಸಿಟ್ಟಿರುತ್ತಾರೆ. ಅದನ್ನು ಕಂದು ಬಣ್ಣ ಬರುವಂತೆ ಸುಟ್ಟು ಮುರಿದು ರಸಕ್ಕೆ ಹಾಕುತ್ತಾರೆ. ಅದು ಸಿಗದವರು ಮಂಗಳೂರು, ಉಡುಪಿ, ಕಾರವಾರಗಳ ಸಂತೆಯಲ್ಲಿ ಸಿಗುವ ಒಣ ಸೀಗಡಿಯನ್ನು ಚೆನ್ನಾಗಿ ತೊಳೆದು, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿದು ಒಂದು ಹಿಡಿ ಹಾಕಿದರೆ ಕಡಲಿನ ಆ ಗುಣ ಬೇರೊಂದು ರೀತಿಯಲ್ಲಿ ಬರುತ್ತದೆ. ಒಣ ಸೀಗಡಿಯಲ್ಲಿ ಉಪ್ಪಿರುವುದರಿಂದ ರಸಕ್ಕೆ ಉಪ್ಪನ್ನು ಸೋಸಿದ ಮೇಲೆಯೇ ಸೇರಿಸಬೇಕು.

ವಾಂಟನ್ನುಗಳನ್ನು ಈ ರಸದಲ್ಲೇ ಬೇಯಿಸುವುದು ಸುಲಭವೆಂದು ಕಂಡರೂ ಹಾಗೆ ಮಾಡಬಾರದು. ಹಾಳೆಗೆ ಮೆತ್ತಿದ ಕಾರ್ನ್ ಫ್ಲೋರೆಲ್ಲ ಕದಡಿ, ಗಂಟೆಗಟ್ಟಲೆ ಕಾಯ್ದುಕೊಂಡ ತಿಳಿ ಒಂದೇ ನಿಮಿಷದಲ್ಲಿ ಹೋಗುತ್ತದೆ. ಬೇರೆ ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ ಹತ್ತು ಹನ್ನೆರಡನ್ನು ಮಾತ್ರ ಹಾಕಿ, ತಳ ಹಿಡಿಯದಂತೆ ಸೌಟಿನ ಬೆನ್ನಿನಿಂದ ಮೆಲ್ಲಗೆ ಸರಿಸಬೇಕು. ಮತ್ತೆ ಕುದಿ ಬಂದಾಗ ಒಂದು ಲೋಟ ತಣ್ಣೀರು ಸುರಿದು ಉರಿಯ ರಭಸ ತಗ್ಗಿಸಿದರೆ ಹಾಳೆ ಹರಿಯದೆ ಒಳಗಿನ ಮಾಂಸ ಬೇಯುತ್ತದೆ. ಮೇಲೆ ತೇಲಿದ ಬಳಿಕವೂ ಒಂದು ನಿಮಿಷ ಬಿಡಬೇಕು. ಒಟ್ಟು ನಾಲ್ಕೈದು ನಿಮಿಷ ಹಿಡಿಯುತ್ತದೆ. ಹಂದಿಯ ಕೈಮಾ ಒಳಗಿನವರೆಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬುದು ಒಪ್ಪಿತವಾದ ಅಳತೆ. ಥರ್ಮಾಮೀಟರ್ ಇಲ್ಲದಿದ್ದರೆ ಒಂದನ್ನು ಕತ್ತರಿಸಿ ನಡುವೆ ಹಸಿ ಗುಲಾಬಿ ಬಣ್ಣ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಬಟ್ಟಲಿನ ತಳಕ್ಕೆ ಕೆಲವು ಹನಿ ಹುರಿದೆಳ್ಳಿನ ಎಣ್ಣೆ, ಚಿಟಿಕೆ ಬಿಳಿ ಮೆಣಸು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಹಾಕಿ, ಜಾಲರಿ ಸೌಟಿನಿಂದ ನೀರು ಬಸಿದ ವಾಂಟನ್ನುಗಳನ್ನಿಟ್ಟು, ಕುದಿಯುತ್ತಿರುವ ರಸ ಸುರಿದರೆ ಆಯಿತು. ಇಲ್ಲಿನವರು ಬೆಳಕು ಬೀಳದಂತೆ ಮುಚ್ಚಿ ಬೆಳೆಸಿದ ಹಳದಿ ಬಣ್ಣದ ಸೊಪ್ಪನ್ನು ಹಾಕುತ್ತಾರೆ, ಅದಕ್ಕೆ ಬೆಳ್ಳುಳ್ಳಿಯ ತೆಳು ಪರಿಮಳವಿರುತ್ತದೆ. ನೂಡಲ್ಸ್ ಜೊತೆ ಕೊಡುವ ಅಂಗಡಿಗಳಲ್ಲಿ ವಾಂಟನ್ನುಗಳನ್ನು ಕೆಳಗೂ ನೂಡಲ್ಸನ್ನು ಅವುಗಳ ಮೇಲೂ ಇಡುತ್ತಾರೆ, ನೂಡಲ್ಸ್ ರಸದಲ್ಲಿ ಮುಳುಗಿ ಮೆತ್ತಗಾಗದಿರಲಿ ಎಂಬ ಕಾಳಜಿಯಿಂದ. ಮೇಜಿನ ಮೇಲೆ ಕೆಂಪು ವಿನಿಗರ್ ಇರುತ್ತದೆ, ಬೇಕಾದವರು ನಾಲ್ಕು ಹನಿ ಹಾಕಿಕೊಳ್ಳಬಹುದು. ಖಾರ ಬೇಕೆನ್ನುವ ನಮ್ಮವರಿಗೆ ಸಿಚುವಾನ್ ಪ್ರಾಂತದ ಪದ್ಧತಿ ಒಗ್ಗುತ್ತದೆ. ಚೆಂಗ್ಡುವಿನಲ್ಲಿ ಇವನ್ನೇ ಹೋಲುವ ವಾಂಟನ್ನುಗಳನ್ನು ಕೆಂಪು ಮೆಣಸಿನಕಾಯಿಯ ಎಣ್ಣೆಯಲ್ಲಿ ಹೊರಳಿಸಿ ತಿನ್ನುತ್ತಾರೆ. ಆದರೆ ಹೂರಣ ಚೆನ್ನಾಗಿ ಹದವಾದ ದಿನ ಮೊದಲ ಬಟ್ಟಲನ್ನಾದರೂ ಖಾರವಿಲ್ಲದೆ ತಿನ್ನಿ ಎಂದು ನಾನು ಮನೆಗೆ ಬಂದವರಿಗೆ ಒತ್ತಾಯಿಸಿ ಹೇಳುತ್ತೇನೆ. ಕಚ್ಚಿದ ಕೂಡಲೇ ಮಾಂಸ ಸ್ವಲ್ಪ ಎದುರು ಒತ್ತಿ, ಆಮೇಲೆ ಒಡೆದು, ಒಳಗೆ ಹಿಡಿದಿಟ್ಟ ರಸ ಬಾಯಿ ತುಂಬುತ್ತದೆ.

ಈ ಅಳತೆಗೆ ಸುಮಾರು 40 ವಾಂಟನ್ನುಗಳಾಗುತ್ತವೆ, ಉಳಿದವನ್ನು ಬೇಯಿಸದೆಯೇ ಇಡಬೇಕು. ಕಾರ್ನ್ ಫ್ಲೋರ್ ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಫ್ರೀಜರಿನಲ್ಲಿಟ್ಟು, ಕಲ್ಲಿನಂತಾದ ಮೇಲೆ ಚೀಲಕ್ಕೆ ತುಂಬಿದರೆ ಒಂದು ತಿಂಗಳು ರುಚಿ ಕೆಡದೆ ಇರುತ್ತವೆ. ಬೇಕೆನಿಸಿದಾಗ ಹೆಪ್ಪು ಬಿಡಿಸದೆ ನೇರವಾಗಿ ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಹೆಚ್ಚಿಗೆ ಬೇಯಿಸಬೇಕು. ಹೊರಗಿಟ್ಟು ಕರಗಿಸಿದರೆ ಹಾಳೆ ತಟ್ಟೆಗೆ ಹಿಡಿದು ಹರಿಯುತ್ತದೆ. ಸೋಸಿದ ರಸವನ್ನೂ ಡಬ್ಬಿಗಳಲ್ಲಿ ಹೀಗೆಯೇ ಇಟ್ಟುಕೊಂಡರೆ, ಕೆಲಸ ಮುಗಿಸಿ ತಡವಾಗಿ ಮನೆಗೆ ಬಂದ ದಿನವೂ ಕಾಲು ಗಂಟೆಯೊಳಗೆ ಊಟ ಸಿದ್ಧವಾಗುತ್ತದೆ.