ಹಾಲಿನ ಡೈರಿ ಆ್ಯಪ್: ಲೆಕ್ಕವನ್ನು ವ್ಯೂನಿಂದ ಹೊರಗೆ ತಂದೆ

ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಅಂತ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್) ಬರೆಯುತ್ತಿರುವ ಆ್ಯಪ್‌ನಲ್ಲಿ ಈ ವಾರ ಹೊಸ ಸ್ಕ್ರೀನ್ ಒಂದೂ ಇಲ್ಲ. ಕೆಲಸವೆಲ್ಲ ಒಳಗಡೆ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ದರ ಹಾಕುವ ಲೆಕ್ಕ ಇಲ್ಲಿಯವರೆಗೆ ವ್ಯೂ ಒಳಗೇ, ಅಂದರೆ ಸ್ಕ್ರೀನ್‌ನಿಂದ ಬಂದ ಕೋರಿಕೆಗೆ ಉತ್ತರ ಕೊಡುವ ಕೋಡ್ ಒಳಗೇ ಇತ್ತು. ಮೊದಲ ಸ್ಕ್ರೀನ್‌ಗೆ ಅಷ್ಟು ಸಾಕಾಗಿತ್ತು. ಈಗ ಹಳೆಯ ಪುಸ್ತಕದ ಲೆಕ್ಕವನ್ನು ಸಿಎಸ್‌ವಿ ಫೈಲ್‌ನಿಂದಲೂ (ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ) ತುಂಬಬೇಕು. ಒಂದೇ ಲೆಕ್ಕವನ್ನು ಎರಡು ಕಡೆ ಬರೆದರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ದುಡ್ಡು ತೋರಿಸುತ್ತವೆ, ಅಲ್ವಾ?

ಅದಕ್ಕೇ ಲೆಕ್ಕದ ನಿಯಮಗಳಿಗೆ ಡೊಮೈನ್ ಅಂತ ಒಂದು ಫೋಲ್ಡರ್ ಮಾಡಿದೆ. ಒಳಗೆ ಬರೀ ಪೈಥಾನ್, ಜ್ಯಾಂಗೋದ ಒಂದು ಇಂಪೋರ್ಟ್ ಕೂಡ ಇಲ್ಲ. ಹಾಗಾಗಿ ಡೇಟಾಬೇಸ್ ಇಲ್ಲದೆಯೇ ಟೆಸ್ಟ್ ಓಡುತ್ತದೆ. ಅದರ ಮೇಲೆ ತೆಳ್ಳಗಿನ ಸರ್ವಿಸ್ ಲೇಯರ್: ಬೇಕಾದ್ದನ್ನು ಡೇಟಾಬೇಸ್‌ನಿಂದ ತಂದು, ಡೊಮೈನ್‌ನಿಂದ ಲೆಕ್ಕ ಮಾಡಿಸಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ) ಸೇವ್ ಮಾಡುತ್ತದೆ. ವ್ಯೂ ಕರೆಯುವುದೂ ಸಿಎಸ್‌ವಿ ಕಮಾಂಡ್ ಕರೆಯುವುದೂ ಇದನ್ನೇ.

ಜಾಸ್ತಿ ಹೊತ್ತು ಹಿಡಿದದ್ದು ಮಾಡೆಲ್, ಅಂದರೆ ಯಾವ ಮಾಹಿತಿಯನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವ ರಚನೆ. ಕಾರ್ಯದರ್ಶಿಯವರ ಜೊತೆ ಕೂತು ಮಾತಾಡಿದಷ್ಟೂ ಅದು ಬದಲಾಯಿತು. ದರಪಟ್ಟಿ ಆಗಾಗ ಬದಲಾಗುತ್ತದೆ, ಆದರೆ ಹೋದ ತಿಂಗಳ ಬಿಲ್ ಇವತ್ತು ತೆಗೆದರೂ ಅವತ್ತಿನ ದುಡ್ಡೇ ಬರಬೇಕು. ಆದ್ದರಿಂದ ದರಪಟ್ಟಿಗೆ ಜಾರಿಯಾದ ದಿನಾಂಕ ಇದೆ, ಹಾಲು ಹಾಕಿದ ಪ್ರತಿ ಎಂಟ್ರಿಯಲ್ಲೂ ಆ ಹೊತ್ತಿನ ದರ ಬರೆದಿಟ್ಟಿರುತ್ತದೆ. ಸರ್ಕಾರ ಲೀಟರಿಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡುತ್ತದೆ. ಅದು ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸಂಘದ ಬಟವಾಡೆಗೆ ಅದನ್ನು ಕೂಡಿಸುವ ಹಾಗಿಲ್ಲ, ಅದಕ್ಕೆ ಬೇರೆಯದೇ ಮಾಡೆಲ್. ತೂಕದ ಯಂತ್ರ ಹೇಳುವುದು ಕೆಜಿಯಲ್ಲಿ, ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಕೆಜಿ, ಲೀಟರ್ ಎರಡನ್ನೂ ಸುಮ್ನೆ ನಂಬರ್ ಅಂತ ಬಿಡದೆ ಬೇರೆ ಬೇರೆ ಕ್ಲಾಸ್ ಮಾಡಿದೆ. ಒಂದಕ್ಕೆ ಇನ್ನೊಂದನ್ನು ಕೂಡಿಸಲು ಹೋದರೆ ಎರರ್ ಬರುತ್ತದೆ. ಈ ಬದಲಾವಣೆ ನನಗೆ ತುಂಬಾ ಇಷ್ಟವಾಯಿತು.

ದುಡ್ಡಿಗೆ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಸಂಖ್ಯೆ) ಬೇಡವೇ ಬೇಡ, ದಶಮಾಂಶವನ್ನು ಇದ್ದ ಹಾಗೇ ಇಡುವ ಡೆಸಿಮಲ್ ಬಳಸಿ. ಪೈಥಾನ್‌ನಲ್ಲಿ 2.5 ಅನ್ನು ರೌಂಡ್ ಮಾಡಿದರೆ 2 ಬರುತ್ತದೆ, 3 ಅಲ್ಲ. ಅರ್ಧ ಪೈಸೆ ಮೇಲಕ್ಕೆ ಹೋಗಬೇಕು ಅಂತಿದ್ದರೆ ಕೋಡ್‌ನಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕು. ಆ ನಿಯಮವೂ ಈಗ ಡೊಮೈನ್‌ನಲ್ಲಿ ಒಂದೇ ಜಾಗದಲ್ಲಿದೆ.

ಮುಂದಿನದು ಪಶು ಆಹಾರದ ಬಾಕಿಯನ್ನು ಬಟವಾಡೆಯಲ್ಲಿ ಮುರಿದುಕೊಳ್ಳುವುದು. ಬಟವಾಡೆಗಿಂತ ಬಾಕಿಯೇ ಜಾಸ್ತಿ ಇದ್ದರೆ ಎಷ್ಟು ಮುರಿಯಬೇಕು, ಎಷ್ಟು ಮುಂದಕ್ಕೆ ಹಾಕಬೇಕು ಅನ್ನುವುದನ್ನು ಸಂಘದವರು ತೀರ್ಮಾನಿಸಬೇಕು. ಅವರು ಹೇಳಿದ ಮೇಲೆ ಬರೆಯುತ್ತೇನೆ.