ಯಾವ ಮಗು ಎಷ್ಟು ಹೊತ್ತು ಆಡ್ತು, ಅದನ್ನ ಬರ್ದಿಡಿ

ಜೂನಿಯರ್ ಟೀಮ್‌ನಲ್ಲಿ ಪಕ್ಷಪಾತ ನಡೀತಿದೆ ಅಂತ ಯಾರಾದ್ರೂ ಬಾಯಿ ಬಿಟ್ರೆ ಸಾಕು, ಕೋಚ್‌ಗಳೆಲ್ಲ ಹೇಳೋದು ಒಂದೇ ಮಾತು, ನಾವು ಆಟ ನೋಡಿ ಹಾಕ್ತೀವಿ ಮುಖ ನೋಡಿ ಅಲ್ಲ ಅಂತ. ಬಹಳಷ್ಟು ಕೋಚ್‌ಗಳು ಅದನ್ನ ಮನಸ್ಸಿಟ್ಟೇ ಹೇಳ್ತಾರೆ, ಸುಳ್ಳಲ್ಲ. ಆದ್ರೂ ಸೀಸನ್ ಮುಗಿಯೋ ಹೊತ್ತಿಗೆ ನೋಡಿದ್ರೆ ಅದೇ ನಾಲ್ಕೈದು ಮಕ್ಕಳು ಎಲ್ಲಾ ಮ್ಯಾಚೂ ಪೂರ್ತಿ ಆಡಿರ್ತಾರೆ, ಇನ್ನು ನಾಲ್ಕೈದು ಮಕ್ಕಳು ಬರೀ ಕೊನೇ ಐದು ನಿಮಿಷಕ್ಕೆ, ಅದೂ ಗೆದ್ದಾಯ್ತು ಇಲ್ಲಾ ಸೋತಾಯ್ತು ಅಂತ ಖಾತ್ರಿ ಆದ್ಮೇಲೆ ಒಳಗೆ ಹೋಗಿರ್ತಾರೆ. ಕೇಳಿದ್ರೆ ಎಲ್ರಿಗೂ ಚಾನ್ಸ್ ಕೊಟ್ಟಿದೀವಲ್ಲ ಅಂತಾರೆ. ಬರೆದಿಟ್ಟಿದ್ರೆ ತಾನೇ ಗೊತ್ತಾಗೋದು ಕೊಟ್ರೋ ಇಲ್ವೋ ಅಂತ.

ನಾನು ಮುಂಬೈನಲ್ಲಿ ಒಂದು ಸಣ್ಣ ರಗ್ಬಿ ಕ್ಲಬ್‌ನ 14ರ ಒಳಗಿನ ಮಕ್ಕಳ ಮ್ಯಾನೇಜರ್ ಕೆಲ್ಸ ನೋಡ್ಕೋತೀನಿ. ಮ್ಯಾನೇಜರ್ ಅಂದ್ರೆ ಮಕ್ಕಳ ಜನ್ಮ ದಾಖಲೆ ಇಟ್ಕೊಳ್ಳೋದು, ಗ್ರೌಂಡ್ ಬುಕ್ ಮಾಡೋದು, ಬಿದ್ದವರಿಗೆ ಐಸ್ ಹಿಡಿಯೋದು, ಅಪ್ಪ ಅಮ್ಮಂದಿರ ಜೊತೆ ಮಾತಾಡೋದು. ಕೋಚಿಂಗ್ ನಂದಲ್ಲ. ಮಾಟುಂಗಾ, ಸಯನ್ ಕಡೆ ಫ್ಲಾಟ್‌ನಿಂದ ಕಾರಲ್ಲಿ ಬರೋ ಮಕ್ಕಳೂ ಇದಾರೆ, ಧಾರಾವಿ, ಆಂಟಾಪ್ ಹಿಲ್ ಇಂದ ನಡ್ಕೊಂಡು ಬರೋ ಮಕ್ಕಳೂ ಇದಾರೆ, ಅದ್ರಲ್ಲಿ ಕಲಬುರಗಿ ಯಾದಗಿರಿ ಕಡೆಯಿಂದ ಗಾರೆ ಕೆಲ್ಸಕ್ಕೆ, ಸೆಂಟ್ರಿಂಗ್ ಕೆಲ್ಸಕ್ಕೆ ಬಂದವರ ಮಕ್ಕಳು ಸುಮಾರು ಜನ. ನಾನು ಕನ್ನಡ ಮಾತಾಡ್ತೀನಿ ಅನ್ನೋ ಒಂದೇ ಕಾರಣಕ್ಕೆ ಅವರ ಮನೆಯವರು ಕೋಚ್ ಹತ್ರ ಹೇಳಕ್ಕಾಗದ್ದನ್ನ ನನ್ನ ಹತ್ರ ಹೇಳ್ತಾರೆ.

ಮುಂಬೈ ರಗ್ಬಿಗೆ ಎರಡು ಥರದ ಮಕ್ಕಳು ಒಂದೇ ಮೈದಾನದಲ್ಲಿ ಸೇರೋದು ಹೊಸದೇನಲ್ಲ. ಬಾಂಬೆ ಜಿಮ್ಖಾನಾದಲ್ಲಿ ಆಡ್ತಿದ್ದ ಮ್ಯಾಥ್ಯೂ ಸ್ಪೇಸಿ ಅನ್ನೋರು ಎದುರಿನ ಫ್ಯಾಷನ್ ಸ್ಟ್ರೀಟ್ ಫುಟ್‌ಪಾತ್‌ನಿಂದ ಆಟ ನೋಡ್ತಿದ್ದ ಹುಡುಗರನ್ನ ಒಳಗೆ ಕರೆದು ಆಡಿಸಿದ್ರು, ಅಲ್ಲಿಂದಾನೇ 1999ರಲ್ಲಿ ಮ್ಯಾಜಿಕ್ ಬಸ್ ಸಂಸ್ಥೆ ಶುರುವಾಗಿದ್ದು. ಒಳಗೆ ಕರೆಯೋದು ದೊಡ್ಡ ಕೆಲ್ಸ, ನಾನು ಕಮ್ಮಿ ಅಂತಿಲ್ಲ. ಆದ್ರೆ ಒಳಗೆ ಬಂದ ಮಗು ಎಲ್ಲಿ ನಿಲ್ಲುತ್ತೆ, ಅದರ ಕೈಗೆ ಬಾಲ್ ಬರುತ್ತಾ ಅನ್ನೋದು ಆಮೇಲಿನ ಪ್ರಶ್ನೆ, ಅದನ್ನ ಯಾರೂ ಕೇಳಲ್ಲ.

ನಮ್ಮಲ್ಲಿ ಟೂರ್ನಮೆಂಟ್ ಆಡೋದು ಸೆವೆನ್ಸ್, ಅಂದ್ರೆ ಏಳು ಜನದ ಆಟ, ಆದ್ರೆ ಪ್ರಾಕ್ಟೀಸ್‌ಗೆ ಮತ್ತೆ ಪಕ್ಕದ ಕ್ಲಬ್‌ಗಳ ಜೊತೆ ಫ್ರೆಂಡ್ಲಿ ಆಡೋವಾಗ ರಗ್ಬಿಯದೇ ಇನ್ನೊಂದು ಥರ, ರಗ್ಬಿ ಲೀಗ್, ಅದರ ರೂಲ್ಸ್ ಇಟ್ಕೊಂಡಿದೀವಿ. ಲೀಗ್ ನೋಡದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ಒಂದು ಕಡೆ 13 ಜನ. ಬಾಲ್ ಇರೋ ಟೀಮ್‌ಗೆ ಆರು ಟ್ಯಾಕಲ್ (ಬಾಲ್ ಹಿಡಿದವನನ್ನ ಎದುರಾಳಿ ಹಿಡಿದು ಕೆಡವೋದು) ತನಕ ಅವಕಾಶ, ಅಷ್ಟರಲ್ಲಿ ಟ್ರೈ (ಎದುರಾಳಿಯ ಗೆರೆ ದಾಟಿ ಬಾಲ್ ನೆಲಕ್ಕೆ ಮುಟ್ಟಿಸೋದು) ಆಗ್ಲಿಲ್ಲ ಅಂದ್ರೆ ಬಾಲ್ ಎದುರಾಳಿಗೆ. ಬಿದ್ದವನು ಎದ್ದು ನಿಂತು ಬಾಲನ್ನ ಕಾಲಿಂದ ಹಿಂದಕ್ಕೆ ಉರುಳಿಸ್ತಾನೆ, ಹಿಂದೆ ನಿಂತಿರೋ ಡಮ್ಮಿ ಹಾಫ್ ಅದನ್ನ ಎತ್ತಿ ಪಾಸ್ ಮಾಡ್ತಾನೆ. ಸಾಮಾನ್ಯವಾಗಿ ಅದು ಹುಕರ್ ಅನ್ನೋ ಜಾಗದಲ್ಲಿ ಆಡೋನ ಕೆಲ್ಸ, ಅವನಿಂದ ಬಾಲ್ ಆಟ ನಡೆಸೋ ಹಾಫ್‌ಬ್ಯಾಕ್‌ಗೆ ಹೋಗುತ್ತೆ. ಅಂದ್ರೆ ಈ ಇಬ್ರು ಕೈಗೆ ಹೆಚ್ಚುಕಮ್ಮಿ ಪ್ರತಿ ಟ್ಯಾಕಲ್ ಆದ್ಮೇಲೂ ಬಾಲ್ ಬರುತ್ತೆ. ಅದೇ ಮೈದಾನದ ಅಂಚಲ್ಲಿ ವಿಂಗ್‌ನಲ್ಲಿ ನಿಂತಿರೋ ಹುಡುಗನ ಕಥೆ ನೋಡಿ, ದೊಡ್ಡವರ ಆಟದಲ್ಲಿ ವಿಂಗರ್ ಅಂದ್ರೆ ಟ್ರೈ ಹೊಡೆಯೋ ಹೀರೋ, ಮಕ್ಕಳ ಆಟದಲ್ಲಿ ಬಾಲ್ ಅಲ್ಲಿ ತನಕ ಬರೋದೇ ಇಲ್ಲ, ನಡುವೆ ಮೂರು ಪಾಸ್ ಆಗ್ಬೇಕು, ಆ ಮೂರರಲ್ಲಿ ಒಂದು ಯಾರದಾದ್ರೂ ಕೈ ಜಾರಿರುತ್ತೆ. ಅವನು ಅರ್ಧ ಮ್ಯಾಚ್ ಪೂರ್ತಿ ಆಡಿದ ಅಂತ ಹೇಳ್ಬಹುದು, ಬಾಲ್ ಮುಟ್ಟಿರಲ್ಲ. ಬೆಂಚ್ ಮೇಲೆ ಕೂರಿಸೋದು ಕಣ್ಣಿಗೆ ಕಾಣೋ ಪಕ್ಷಪಾತ, ವರ್ಷಗಟ್ಟಲೆ ವಿಂಗ್‌ನಲ್ಲಿ ನಿಲ್ಸೋದು ಕಾಣದೇ ಇರೋದು. ನನ್ ಪ್ರಕಾರ ಎರಡನೇದೇ ಹೆಚ್ಚು ಹಾಳು ಮಾಡುತ್ತೆ.

ಇದು ಬರೀ ವಶೀಲಿ ಇಂದ ಆಗೋದೂ ಅಲ್ಲ. ದೊಡ್ಡ ಕಾರಣ ಮಕ್ಕಳ ಮೈಕಟ್ಟು. ಹುಡುಗರು ಸರಾಸರಿ 14ರ ಆಸುಪಾಸಲ್ಲಿ ಸರ್ರನೆ ಬೆಳೀತಾರೆ, ಆದ್ರೆ ಒಬ್ಬನಿಗೆ ಅದು 12ಕ್ಕೇ ಬಂದ್ಬಿಡುತ್ತೆ ಇನ್ನೊಬ್ಬನಿಗೆ 16 ಆದ್ರೂ ಪೂರ್ತಿ ಬಂದಿರಲ್ಲ. ನಮ್ಮ ಗುಂಪಲ್ಲೇ ಒಬ್ಬನಿಗೆ ಮೀಸೆ ಚಿಗುರಿದೆ, ಪಕ್ಕದಲ್ಲಿ ನಿಂತವನಿಗೆ ಇನ್ನೂ ಗಂಟಲು ಒಡೆದಿಲ್ಲ, ಇಬ್ರೂ ಕಾಗದದ ಮೇಲೆ ಒಂದೇ ವಯಸ್ಸು. ಅದರ ಮೇಲೆ ಕಟ್-ಆಫ್ ತಾರೀಖು. ಜನವರಿ 1 ಕಟ್-ಆಫ್ ಆದ್ರೆ ಜನವರಿ ಮೊದಲ ವಾರ ಹುಟ್ಟಿದವನೂ ಅದೇ ವರ್ಷ ಡಿಸೆಂಬರ್ ಕೊನೇಲಿ ಹುಟ್ಟಿದವನೂ ಒಂದೇ ಗುಂಪು, ನಡುವೆ ಹತ್ತಿರ ಹತ್ತಿರ ಒಂದು ವರ್ಷದ ಅಂತರ. ಕೆನಡಾದಲ್ಲಿ ಐಸ್ ಹಾಕಿ ಆಡೋ ಹುಡುಗರ ಹುಟ್ಟಿದ ತಿಂಗಳು ಹಿಡಿದು ರೋಜರ್ ಬಾರ್ನ್ಸ್ಲಿ ಮತ್ತೆ ಜೊತೆಗಾರರು 1985ರಲ್ಲೇ ಇದನ್ನ ತೋರಿಸಿದ್ರು, ಸೆಲೆಕ್ಟ್ ಆದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ. ಇಂಗ್ಲೆಂಡ್‌ನ ರಗ್ಬಿ ಲೀಗ್ ಜೂನಿಯರ್‌ಗಳಲ್ಲೂ ಇದೇ ಕಂಡುಬಂತು. ಕೋಚ್ ಕಣ್ಣಿಗೆ ಕಂಡಿದ್ದು ಪ್ರತಿಭೆ, ಅಲ್ಲಿ ನಿಜವಾಗಿ ಇದ್ದಿದ್ದು ಎಂಟು ಹತ್ತು ತಿಂಗಳ ಹೆಚ್ಚು ಬೆಳವಣಿಗೆ.

ಮೇಲಿಂದ ಆ ದೊಡ್ಡ ಹುಡುಗನಿಗೂ ಇದು ಒಳ್ಳೇದಲ್ಲ. ಇವನು ಬಾಲ್ ಹಿಡ್ಕೊಂಡು ನೇರ ನುಗ್ಗಿದ್ರೆ ಮೂರು ಜನ ಜೋತುಬಿದ್ರೂ ನಿಲ್ಲಲ್ಲ, ಅದಕ್ಕೆ ಪಾಸ್ ಮಾಡೋದನ್ನ ಕಲಿಯೋದೇ ಇಲ್ಲ, ಯಾರೂ ಕಲಿಸೋದೂ ಇಲ್ಲ, ಮ್ಯಾಚ್ ಗೆಲ್ತಿದೀವಲ್ಲ ಅಂತ. ಹದಿನಾರಕ್ಕೆ ಉಳಿದವರೆಲ್ಲ ಇವನ ಎತ್ತರಕ್ಕೆ ಬಂದ್ಮೇಲೆ ಇವನ ಹತ್ರ ಬೇರೆ ಏನೂ ಇರಲ್ಲ, ಬೇಜಾರಾಗಿ ಆಟಾನೇ ಬಿಡ್ತಾನೆ.

ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಜೊನಾಥನ್ ಥರ್ಸ್ಟನ್ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು, ನಾನು ವಿಡಿಯೋ ತೋರಿಸಿ ತೋರಿಸಿ ಗೊತ್ತು ಮಾಡಿಸಿದೀನಿ. ಹುಡುಗ ಸಣಕಲು, ಇವನ ಕೈಲಿ ಆಗಲ್ಲ ಅಂತ ಕ್ಲಬ್‌ಗಳು ಕೈಬಿಟ್ಟಿದ್ದ ಆಟಗಾರ. ಆಮೇಲೆ ಅವನು 2005, 2007, 2014, 2015 ಹೀಗೆ ನಾಲ್ಕು ಸಲ ಅಲ್ಲಿನ ದೊಡ್ಡ ರಗ್ಬಿ ಲೀಗ್ ಟೂರ್ನಿಯ ವರ್ಷದ ಆಟಗಾರನಿಗೆ ಕೊಡೋ ಡ್ಯಾಲಿ ಎಂ ಮೆಡಲ್ ತಗೊಂಡ, 2015ರ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ಅವನೇ ಒದ್ದ ಒಂದು ಪಾಯಿಂಟ್‌ನಿಂದ ಅವನ ಕೌಬಾಯ್ಸ್ ಟೀಮ್ 17-16ಕ್ಕೆ ಗೆದ್ದಿದ್ದು. ಅಂಥವನನ್ನೇ ಸೈಜ್ ನೋಡಿ ಬೇಡ ಅಂದ್ರು ಅಂದ್ಮೇಲೆ ನಮ್ಮ ಮೈದಾನಗಳಲ್ಲಿ ಎಷ್ಟು ಮಕ್ಕಳನ್ನ ಹಾಗೇ ಮನೆಗೆ ಕಳಿಸಿರ್ತೀವೋ ಯೋಚನೆ ಮಾಡಿ. ಕಬಡ್ಡಿಯಲ್ಲಿ ಜೂನಿಯರ್‌ಗೆ ವಯಸ್ಸಿನ ಜೊತೆ ತೂಕದ ಮಿತಿನೂ ಇದೆ, ಪ್ರಭಾದೇವಿ ಪರೇಲ್ ಕಡೆ ಮಂಡಳಗಳಲ್ಲಿ ಆಡಿದ ಯಾವ ಹುಡುಗನ್ನ ಕೇಳಿದ್ರೂ ಹೇಳ್ತಾನೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಮಕ್ಕಳ ರಗ್ಬಿಗೂ ತೂಕ ನೋಡಿ ಗುಂಪು ಮಾಡ್ತಾರೆ. ನಮ್ಮಂಥ ಸಣ್ಣ ಕ್ಲಬ್‌ನಲ್ಲಿ ಅಷ್ಟು ಮಕ್ಕಳಿಲ್ಲ ಬಿಡಿ, ಆದ್ರೆ ಟ್ಯಾಕಲ್ ಪ್ರಾಕ್ಟೀಸ್‌ಗೆ ಜೋಡಿ ಮಾಡೋವಾಗ ಮೈಕಟ್ಟು ನೋಡಿ ಜೋಡಿ ಮಾಡೋದಕ್ಕೆ ಏನೂ ಖರ್ಚಿಲ್ಲ.

ಇನ್ನು ವಶೀಲಿ ವಿಷಯಕ್ಕೆ ಬರ್ತೀನಿ. ಜರ್ಸಿಗೆ ದುಡ್ಡು ಕೊಡೋರ ಮಗ, ಕಮಿಟಿಲಿ ಇರೋರ ಅಣ್ಣನ ಮಗ, ಕೋಚ್ ಮಗ. ಎಲ್ಲಾ ಕ್ಲಬ್‌ನಲ್ಲೂ ಇರ್ತಾರೆ, ಇರಲೂಬೇಕು, ಮಕ್ಕಳು ಆಡ್ತಾರೆ ಅಂತಾನೇ ಅಪ್ಪಂದಿರು ಕೆಲ್ಸಕ್ಕೆ ಕೈ ಹಾಕೋದು. ದುಡ್ಡು ಕೊಟ್ಟವರಿಗೆ ರಸೀದಿ ಕೊಡಿ, ಥ್ಯಾಂಕ್ಸ್ ಹೇಳಿ, ಬ್ಯಾನರ್‌ನಲ್ಲಿ ಹೆಸರು ಹಾಕಿ. ಆಟದ ನಿಮಿಷ ಮಾತ್ರ ಕೊಡ್ಬೇಡಿ. ನಾನು ಗಮನಿಸಿದ್ದು ಏನಂದ್ರೆ ಹೀಗೆ ಒಳಗೆ ಬಂದ ಹುಡುಗನಿಗೆ ಜೊತೆಯವರು ಬಾಲೇ ಪಾಸ್ ಮಾಡಲ್ಲ. ಮಕ್ಕಳಿಗೆ ಎಲ್ಲಾ ಗೊತ್ತಿರುತ್ತೆ. ಆ ಹುಡುಗ ಕೈ ಚಾಚ್ಕೊಂಡು ಓಡ್ತಾನೇ ಇರ್ತಾನೆ, ಬಾಲ್ ಆ ಕಡೆ ಹೋಗುತ್ತೆ. ಅವನದೇನು ತಪ್ಪು ಹೇಳಿ.

ಅಪ್ಪ ಕೋಚ್ ಆಗಿ ಮಗ ಆಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಸಿಡ್ನಿಯ ಪಶ್ಚಿಮಕ್ಕಿರೋ ಪೆನ್ರಿತ್ ಪ್ಯಾಂಥರ್ಸ್ ಟೀಮ್ ಅದೇ ಟೂರ್ನಿಯಲ್ಲಿ 2021ರಿಂದ 2024ರ ತನಕ ಸತತ ನಾಲ್ಕು ಸಲ ಚಾಂಪಿಯನ್ ಆಗಿದ್ದು ಗೊತ್ತಲ್ಲ, ಅಲ್ಲಿ ಕೋಚ್ ಐವನ್ ಕ್ಲಿಯರಿ, ಹಾಫ್‌ಬ್ಯಾಕ್ ಅವರ ಮಗ ನೇಥನ್ ಕ್ಲಿಯರಿ. ಆದ್ರೆ ನೇಥನ್ ಮೊದಲು ದೊಡ್ಡವರ ಟೀಮ್‌ಗೆ ಬಂದಿದ್ದು 2016ರಲ್ಲಿ, ಆಗ ಕೋಚ್ ಬೇರೆಯವರು, ಅಪ್ಪ ಅಲ್ಲಿಗೆ ವಾಪಸ್ ಬಂದಿದ್ದು 2019ಕ್ಕೆ. ಮಗನಿಗೆ ಹ್ಞೂಂ ಅಂದವರು ಹೊರಗಿನವರು, ಅದಕ್ಕೇ ಆಮೇಲೆ ಯಾರೂ ಬೆರಳು ತೋರಿಸೋ ಹಾಗಿರಲಿಲ್ಲ. ಆ ಟೀಮ್‌ನಲ್ಲಿ ಇನ್ನೊಂದು ಗಮನಿಸಬೇಕಾದ್ದು, ಜರೋಮ್ ಲುವಾಯ್, ಬ್ರಯಾನ್ ಟೊಓ ಥರದವರೆಲ್ಲ ಅದೇ ಊರಿನ ಜೂನಿಯರ್ ಆಟದಿಂದ ಬಂದವರು, ಕೊಂಡು ತಂದವರಲ್ಲ.

ನಮ್ಮಲ್ಲಿ ಆಟದ ಹೊತ್ತು ಬರೆದಿಡೋ ಪುಸ್ತಕ ಶುರುವಾಗಿದ್ದು ಒಬ್ಬ ತಾಯಿ ಬಂದು ಕೇಳಿದ್ಮೇಲೆ. ಪ್ರಾಕ್ಟೀಸ್ ಮುಗಿದು ಎಲ್ಲಾ ಹೋದ್ಮೇಲೆ ತಡೆದು ನಿಲ್ಸಿ ಮೆತ್ತಗೆ ಕೇಳಿದ್ರು, "ಸರ, ನಮ್ ಹುಡುಗಗ ಆಟ ಬರಂಗಿಲ್ಲಂದ್ರ ಬರಂಗಿಲ್ಲ ಅಂತ ಹೇಳ್ಬಿಡ್ರಿ, ನಾವೇನ್ ಸಿಟ್ಟಾಗಂಗಿಲ್ಲ. ಖರೆ ಪ್ರತಿ ಆಯ್ತಾರ ಬಂದು ನೀರಿನ ಬಾಟ್ಲಿ ಕಾಯ್ಕೊಂತ ಕುಂದ್ರತಾನ, ಅವ್ರಪ್ಪ ಒಂದಿನದ ಪಗಾರ ಬಿಟ್ಟು ಕರ್ಕೊಂಡ್ ಬರ್ತಾನ." ಅಕ್ಕ, ಹಾಗೇನಿಲ್ಲ, ನಾನು ನೋಡ್ತೀನಿ ಅಂದೆ. ನೋಡೋಕೆ ಏನಾದ್ರೂ ಇರ್ಬೇಕಲ್ಲ, ನೆನಪಿಂದ ಹೇಳಿದ್ರೆ ನನ್ನ ಮಾತೂ ಕೋಚ್ ಮಾತೂ ಒಂದೇ ತೂಕ.

ಆಗ ಒಂದು ಉದ್ದನೆ ನೋಟ್‌ಬುಕ್ ತಗೊಂಡ್ವಿ. ಒಬ್ಬ ಆಟಗಾರನ ಅಕ್ಕ ಕಾಲೇಜಲ್ಲಿ ಓದ್ತಾಳೆ, ಮೊಬೈಲ್ ಸ್ಟಾಪ್‌ವಾಚ್ ಇಟ್ಕೊಂಡು ಗೆರೆ ಹತ್ರ ಕೂತು ಬರೀತಾಳೆ, ಯಾರು ಯಾವಾಗ ಒಳಗೆ ಹೋದ್ರು ಯಾವಾಗ ಹೊರಗೆ ಬಂದ್ರು, ಯಾವ ಪೊಸಿಷನ್, ಬಾಲ್ ಎಷ್ಟು ಸಲ ಮುಟ್ಟಿದ್ರು ಅಂತ ಒಂದೊಂದು ಗೀಟು. ಮಳೆಗಾಲದಲ್ಲಿ ಅದನ್ನ ಪ್ಲಾಸ್ಟಿಕ್ ಕವರ್ ಒಳಗೇ ಇಟ್ಕೊಂಡು ಬರೆದಿದಾಳೆ, ಹಾಳೆಯೆಲ್ಲ ಕೆಂಪು ಮಣ್ಣಿನ ಬೆರಳ ಗುರುತು. ಒಂದಷ್ಟು ಮ್ಯಾಚ್ ಆದ್ಮೇಲೆ ಪುಸ್ತಕ ಕೋಚ್ ಮುಂದೆ ಇಟ್ಟೆ. ಯಾರ ಹೆಸರೂ ಎತ್ಲಿಲ್ಲ. ಅವರೇ ಬೆರಳಿಟ್ಟು ಮೇಲಿಂದ ಕೆಳಗೆ ಓದ್ತಾ ಬಂದು ಒಂದು ಕಡೆ ನಿಲ್ಸಿ, ಇವನು ಒಂದು ಸಲಾನೂ ಡಮ್ಮಿ ಹಾಫ್ ಆಡೇ ಇಲ್ವಾ ಅಂತ ನನ್ನೇ ಕೇಳಿದ್ರು. ಜಗಳ ಮಾಡೋ ಅವಶ್ಯಕತೆನೇ ಬರ್ಲಿಲ್ಲ. ಅದಕ್ಕೇ ನಾನು ಯಾರಿಗಾದ್ರೂ ಹೇಳೋದಿದ್ರೆ ಇದೊಂದೇ, ಕೋಚ್ ಜೊತೆ ವಾದ ಮಾಡ್ಬೇಡಿ, ಬರೆದು ತೋರಿಸಿ.

ಆ ಹುಡುಗ ಡಮ್ಮಿ ಹಾಫ್ ಆಡಿದ ಮೊದಲ ಸಲ ಬಾಲ್ ಸುಮಾರು ಸಲ ಕೆಳಗೆ ಹಾಕ್ದ, ಎತ್ತೋ ಮುಂಚೆನೇ ಯಾರಿಗೆ ಕೊಡ್ಲಿ ಅಂತ ತಲೆ ಎತ್ತಿ ನೋಡ್ತಿದ್ದ, ಕೈಗೆ ಬಾಲ್ ಸಿಕ್ತಾನೇ ಇರ್ಲಿಲ್ಲ. ಕೋಚ್ ಅವನಿಗೆ ಬಾಲ್ ಬರೋ ಮೊದಲೇ ಅಕ್ಕಪಕ್ಕ ನೋಡ್ಕೊಂಡಿರು ಅಂತ ಕಲಿಸಿದ್ರು. ಈಗ ಮಂಡಿ ಬಗ್ಗಿಸಿ ಕೂತವನು ಬಾಲನ್ನ ಎದೆ ತನಕ ಎತ್ತದೇ ನೆಲದಿಂದಾನೇ ಒಂದೇ ಬೀಸಿಗೆ ಪಾಸ್ ಮಾಡ್ತಾನೆ, ಎಡಕ್ಕೂ ಬಲಕ್ಕೂ. ಎತ್ತರ ಕಮ್ಮಿ ಇರೋದು ಅಲ್ಲಿ ಅವನಿಗೆ ಅನುಕೂಲಾನೇ ಆಯ್ತು.

ಎಲ್ಲಾ ಪೋಷಕರಿಗೂ ಇದು ಹಿಡಿಸಿಲ್ಲ. ಪುಸ್ತಕ ಯಾರು ಬೇಕಾದ್ರೂ ನೋಡ್ಬಹುದು ಅಂತ ಇಟ್ಟಿದೀವಿ, ಅದಕ್ಕೆ ನನ್ನ ಮಗ ಚೆನ್ನಾಗಿ ಆಡ್ತಾನೆ ಅವನನ್ಯಾಕೆ ಹೊರಗೆ ತಗೀತೀರಿ, ಸೋಲಕ್ಕೆ ಬಂದಿದೀವಾ ಅಂತ ಕೇಳಿದವರಿದಾರೆ. ನ್ಯಾಯವಾದ ಪ್ರಶ್ನೆ. ಟೂರ್ನಮೆಂಟ್‌ನಲ್ಲಿ ಗೆಲ್ಲೋಕೆ ಆಡ್ತೀವಿ, ಅಲ್ಲಿ ಕೋಚ್ ಇಷ್ಟ. ಫ್ರೆಂಡ್ಲಿ ಮ್ಯಾಚ್‌ನಲ್ಲಿ ಮಾತ್ರ ಎಲ್ರೂ ಕನಿಷ್ಠ ಅರ್ಧ ಆಡ್ಲೇಬೇಕು, ಸೀಸನ್‌ನಲ್ಲಿ ಎಲ್ರೂ ಒಂದ್ಸಲಾನಾದ್ರೂ ಹುಕರ್, ಹಾಫ್‌ಬ್ಯಾಕ್ ಜಾಗದಲ್ಲಿ ಆಡ್ಬೇಕು, ಇದನ್ನ ಸೀಸನ್ ಶುರು ಆಗೋ ಮುಂಚೆನೇ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆದು ಗ್ರೂಪ್‌ನಲ್ಲಿ ಹಾಕಿರ್ತೀವಿ. ಮೊದಲೇ ಗೊತ್ತಿದ್ರೆ ಸಿಟ್ಟು ಅರ್ಧ ಇಳಿಯುತ್ತೆ. ಟೀಮ್ ಆರಿಸೋವಾಗ ಯಾರ ಮಗು ಆ ಗುಂಪಲ್ಲಿದೆಯೋ ಅವರು ಆ ಹೊತ್ತಿಗೆ ಎದ್ದು ಹೊರಗೆ ಹೋಗ್ಬೇಕು, ಇದಕ್ಕೆ ಕಮಿಟಿ ಒಪ್ಪಿದೆ.

ಒಪ್ಪದೇ ಇರೋದು ಒಂದು ಬಾಕಿ ಇದೆ. ಹೊರಗಡೆ ಮ್ಯಾಚ್‌ಗೆ ಹೋಗೋವಾಗ ಬಸ್ ಚಾರ್ಜು ಮನೆಯವರೇ ಹಾಕ್ಬೇಕು, ದಿನಗೂಲಿ ಬಿಟ್ಟು ಬರೋರಿಗೆ ಅದು ಎರಡು ಕಡೆ ಹೊಡೆತ, ಕೊನೆಗೆ ಆ ಮಕ್ಕಳು ಬರೋದೇ ಇಲ್ಲ, ಬರದೇ ಇದ್ದವನನ್ನ ಹೇಗೆ ಆರಿಸೋದು ಅಂತ ನಾವು ಅಂತೀವಿ. ರಗ್ಬಿ ಲೀಗ್ ಹುಟ್ಟಿದ್ದೇ ಈ ಜಗಳದಿಂದ ಅಲ್ವಾ. 1895ರಲ್ಲಿ ಉತ್ತರ ಇಂಗ್ಲೆಂಡ್‌ನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಲ್ಲಿ ಸೇರಿ ಹಳೇ ರಗ್ಬಿ ಯೂನಿಯನ್, ಅಂದ್ರೆ ಆಗ ಆಟ ನಡೆಸ್ತಿದ್ದ ಸಂಘ ಬಿಟ್ಟು ಬಂದ್ರು, ಗಣಿ, ಮಿಲ್ಲುಗಳಲ್ಲಿ ದುಡಿಯೋ ಆಟಗಾರರು ಮ್ಯಾಚ್‌ಗೆ ಅಂತ ಕಳ್ಕೊಂಡ ಕೂಲಿ ತುಂಬಿಕೊಡೋಕೆ ಯೂನಿಯನ್ ಬಿಡ್ಲಿಲ್ಲ ಅಂತ. ನಾವು ಕೂಲಿ ತುಂಬಿಕೊಡೋವಷ್ಟು ದೊಡ್ಡ ಕ್ಲಬ್ ಅಲ್ಲ, ಬಸ್ ಚಾರ್ಜ್ ಆದ್ರೂ ಕ್ಲಬ್ ಫಂಡಿಂದ ಕೊಡ್ಬೇಕು ಅಂತ ಕೇಳಿದೀನಿ. ಖಜಾಂಚಿ ಲೆಕ್ಕ ಹಾಕಿ ಹೇಳ್ತೀನಿ ಅಂದಿದಾರೆ. ಮುಂದಿನ ಮೀಟಿಂಗ್‌ಗೆ ಪುಸ್ತಕ ತಗೊಂಡೇ ಹೋಗ್ತೀನಿ, ಹೊರಗಡೆ ಮ್ಯಾಚ್‌ಗಳ ಹಾಳೆಯಲ್ಲಿ ಯಾವ ಯಾವ ಹೆಸರಿನ ಮುಂದೆ ಖಾಲಿ ಇದೆ ಅಂತ ಅವರೂ ನೋಡ್ಲಿ.