ಗೋಡೆ ನೋಡದೆ ಬರೆದ ಚಿತ್ರ

ಹಾಸನದಲ್ಲಿ ಹದಿನೈದು ವರ್ಷದಿಂದ ಆರ್ಡರ್ ತಗೊಂಡು ಚಿತ್ರ ಬರೆಯುತ್ತಿದ್ದೇನೆ. ಅದಕ್ಕೂ ಮುಂಚೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಕೆಲಸ ಬಿಟ್ಟರೂ ಹೆಸರು ನನ್ನನ್ನು ಬಿಡಲಿಲ್ಲ, ಊರಿಗೆಲ್ಲ ಇವತ್ತಿಗೂ ನಾನು ಮೇಷ್ಟ್ರೇ. ಬರುವ ಆರ್ಡರುಗಳಲ್ಲಿ ಅರ್ಧಕ್ಕರ್ಧ ಬೇಲೂರಿನ ದರ್ಪಣಸುಂದರಿ. ಅವಳನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಹಾಗಾಗಿ ಸಕಲೇಶಪುರದ ಆಚೆಯ ಒಂದು ತೋಟದ ಮನೆಯಿಂದ ಬೇರೆ ಥರದ ಆರ್ಡರ್ ಬಂದಾಗ ಖುಷಿಯಾಯಿತು.

ಫೋನ್ ಮಾಡಿದ್ದು ಆ ಮನೆಯ ಸೊಸೆ. "ಮೇಷ್ಟ್ರೇ, ಹಳೇ ಮನೆ ರಿಪೇರಿ ಮಾಡಿಸ್ತಾ ಇದ್ದೀವಿ. ಶ್ರಾವಣದಲ್ಲಿ ಪೂಜೆ ಇಟ್ಕೊಂಡಿದ್ದೀವಿ. ಹಾಲ್‌ಗೆ ದೊಡ್ಡದೊಂದು ಪೇಂಟಿಂಗ್ ಬೇಕು. ನಮ್ಮ ತೋಟ, ಕಾಫಿ ಹೂ ಬಿಟ್ಟಿರಬೇಕು."

ನಾನು ಕೇಳಿದ್ದು ಎರಡೇ ಪ್ರಶ್ನೆ. ಅಳತೆ ಎಷ್ಟು, ಫೋಟೋ ಇದೆಯಾ? ಆರಡಿಗೆ ನಾಲ್ಕಡಿ ಅಂದರು. ವಾಟ್ಸ್ಆ್ಯಪ್‌ನಲ್ಲಿ ಮೂರು ಫೋಟೋ ಬಂದವು, ಮೂರೂ ಮಸುಕು. ಅರ್ಧ ಮುಂಗಡ ಮಾತ್ರ ಚೊಕ್ಕವಾಗಿ ಬಂತು. ಹಾಸನದಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್. ಬೆಳಗ್ಗೆ ಬಸ್ಸು ಹತ್ತಿದ್ದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದಿತ್ತು. ಹೋಗಲಿಲ್ಲ. ಫೋಟೋ ಮಸುಕಾಗಿದ್ದರೇನು, ನೆಟ್‌ನಲ್ಲಿ ಕಾಫಿ ಹೂವಿನ ಫೋಟೋಗಳಿಗೆ ಬರಗಾಲವಾ?

ಜೂನ್ ತಿಂಗಳು ಪೂರ್ತಿ ಕೂತು ಬರೆದೆ. ಎಣ್ಣೆ ಬಣ್ಣಕ್ಕೆ ಮಳೆಗಾಲ ಆಗಿಬರುವುದಿಲ್ಲ. ನೀರಿನ ಬಣ್ಣದಲ್ಲಿ ನೀರು ಆವಿಯಾದರೆ ಮುಗಿಯಿತು. ಎಣ್ಣೆ ಬಣ್ಣದಲ್ಲಿರುವ ಅಗಸೆ ಎಣ್ಣೆ ಆವಿಯಾಗುವುದಿಲ್ಲ, ಗಾಳಿಯ ಆಕ್ಸಿಜನ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಥಂಡಿಯಲ್ಲಿ ಅದು ಇನ್ನೂ ನಿಧಾನ. ವಾರದಲ್ಲಿ ಆರುವ ಪದರಕ್ಕೆ ಎರಡು-ಮೂರು ವಾರ ಹಿಡಿಯಿತು. ಫ್ಯಾನ್ ಹಾಕಿ, ಕಿಟಕಿ ತೆಗೆದು, ಮುಚ್ಚಿ, ಅಂತೂ ಜುಲೈ ಕೊನೆಗೆ ಮುಗಿಸಿದೆ. ಟಾರ್ಪಲ್ ಸುತ್ತಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದೆ.

ಚಿತ್ರವನ್ನು ಗೋಡೆಗೆ ಒರಗಿಸಿದೆವು. ಮನೆಯ ಯಜಮಾನರು ಕನ್ನಡಕ ಹಾಕಿಕೊಂಡು ಬಂದರು. ಎಂಬತ್ತರ ಹತ್ತಿರದ ವಯಸ್ಸು. ಸ್ವಲ್ಪ ಹೊತ್ತು ನೋಡಿದರು.

"ಚೆನ್ನಾಗಿದೆ. ಯಾರ ತೋಟ?"

"ನಿಮ್ದೇ ಅಲ್ವಾ ಸಾರ್" ಅಂದೆ.

"ನಮ್ದು ರೋಬಸ್ಟಾ. ಇದು ಅರೇಬಿಕಾ."

ಎರಡೂ ಕಾಫಿಯೇ, ಜಾತಿ ಬೇರೆ. ಹಾಸನದಲ್ಲಿ ಹುಟ್ಟಿ ಬೆಳೆದವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾಚಿಕೆಯೇ. ಯಜಮಾನರು ಬೈಯಲಿಲ್ಲ, ಛತ್ರಿ ಹಿಡಿದುಕೊಂಡು ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಅರೇಬಿಕಾ ಎಲೆ ಚಿಕ್ಕದು, ಕಡು ಹಸಿರು, ಹೊಳಪು. ರೋಬಸ್ಟಾ ಎಲೆ ಅಗಲ, ಅಂಚು ಅಲೆ ಅಲೆ, ಬಣ್ಣ ಸ್ವಲ್ಪ ತಿಳಿ. ಹೂ ಬಿಟ್ಟಾಗ ಗೊಂಚಲು ದಟ್ಟ, ರೆಂಬೆಗೆ ಬಿಳಿ ಚೆಂಡು ಪೋಣಿಸಿದ ಹಾಗೆ ಅಂದರು. ನನ್ನ ಕೆಲಸಕ್ಕೆ ಮುಖ್ಯವಾಗಿದ್ದು ಇನ್ನೊಂದು ವಿಷಯ. ರೋಬಸ್ಟಾಕ್ಕೆ ನೆರಳು ಕಮ್ಮಿ ಸಾಕು, ಹಾಗಾಗಿ ತೋಟದೊಳಗೆ ಬಿಸಿಲು ಜಾಸ್ತಿ ಬೀಳುತ್ತದೆ. ನಾನು ಬರೆದಿದ್ದು ದಟ್ಟ ನೆರಳಿನ ತೋಟ. ಅಂದರೆ ಎಲೆ ತಿದ್ದಿದರೆ ಸಾಲದು, ಬೆಳಕೇ ತಪ್ಪು.

ವಾಪಸ್ ಬಂದಾಗ ಸಂಜೆಯಾಗಿತ್ತು. ಹಾಲ್‌ನಲ್ಲಿ ಲೈಟ್ ಹಾಕಿದರು. ಆಗ ಎರಡನೇ ಪೆಟ್ಟು ಬಿತ್ತು.

ನನ್ನ ಸ್ಟುಡಿಯೋಗೆ ಉತ್ತರದ ಕಿಟಕಿ, ರಾತ್ರಿಗೆ ಬಿಳಿ ಟ್ಯೂಬ್‌ಲೈಟ್. ಈ ಹಾಲ್ ಬೇರೆಯೇ ಲೋಕ. ಮುಂದೆ ಅಗಲವಾದ ಜಗಲಿ, ಇಳಿಜಾರು ಹೆಂಚು, ಹಗಲಲ್ಲೂ ಅರ್ಧ ಕತ್ತಲು. ಕೆಳಗೆ ಪಾಲಿಶ್ ಮಾಡಿದ ರೆಡ್ ಆಕ್ಸೈಡ್ ನೆಲ. ಮೇಲೆ ಹಳದಿ ಎಲ್‌ಇಡಿ ಬಲ್ಬು. ಹಳದಿ ಬೆಳಕು ಕೆಂಪು ನೆಲಕ್ಕೆ ಬಿದ್ದು, ಅಲ್ಲಿಂದ ಚಿತ್ರಕ್ಕೆ ಹಾರುತ್ತಿತ್ತು. ಹಸಿರಿಗೆ ಕೆಂಪು ಸೇರಿದರೆ ಕಂದು. ಇದನ್ನು ನಾನೇ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ! ನನ್ನ ತೋಟಕ್ಕೆ ಸಂಜೆ ಆರೂವರೆ ಆಗಿಬಿಟ್ಟಿತ್ತು. ಹೂಗಳು ಹಾಲಿಗೆ ಅರಿಶಿನ ಹಾಕಿದ ಬಣ್ಣ.

ತಪ್ಪು ಬಲ್ಬಿನದು ಅನ್ನುವ ಹಾಗೆ ಮಾತಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಮುಜುಗರ. "ಬಿಳಿ ಲೈಟ್ ಹಾಕಿಸಿದರೆ ಸರಿ ಕಾಣುತ್ತೆ ಅಕ್ಕ" ಅಂದೆ. ಸೊಸೆ ಆಗಲಿ ಅಂತಿದ್ದರೇನೋ. ಒಳಗಿನಿಂದ ಅಜ್ಜಿ ಹೇಳಿದರು, "ಬಿಳಿ ಲೈಟು ಬೇಡ ಕಣಮ್ಮ, ಆಸ್ಪತ್ರೆ ಥರ ಆಗುತ್ತೆ."

ಅಜ್ಜಿ ಹೇಳಿದ್ದು ಸರಿ. ಮನೆ ಅವರದು.

ಪೂಜೆಯ ದಿನ ಗೋಡೆ ಬೋಳು ಕಾಣಬಾರದು ಅಂತ ಆ ಚಿತ್ರವನ್ನೇ ಹಾಕಿದರು. ಮುಂದಿನ ಹೂವಿಗೆ ಬಂದು ಹೊಸದು ಬರೆದುಕೊಡುತ್ತೇನೆ, ದುಡ್ಡು ಜಾಸ್ತಿ ಬೇಡ ಅಂತ ನಾನೇ ಹೇಳಿದೆ. ದೀಪಾವಳಿ ಆದ ಮೇಲೆ ಹಳೆಯದನ್ನು ಇಳಿಸಿದಾಗ ಮೂರನೇ ಪಾಠ ಕಾದಿತ್ತು. ಕ್ಯಾನ್ವಾಸ್ ಹಿಂದೆ ಬಿಳಿ ಚುಕ್ಕೆ ಚುಕ್ಕೆ ಬೂಷ್ಟು. ಅದು ಪಶ್ಚಿಮದ ಹೊರಗೋಡೆ, ಮಳೆ ನೇರ ಬಡಿಯುವ ಕಡೆ. ಈಗ ಮಲೆನಾಡಿನ ಮನೆಗೆ ಕೊಡುವ ಯಾವುದೇ ಚಿತ್ರದ ಫ್ರೇಮಿಗೆ ಹಿಂದಿನ ನಾಲ್ಕೂ ಮೂಲೆಗೆ ಬಿರಡೆ ತುಂಡು ಅಂಟಿಸುತ್ತೇನೆ. ಗೋಡೆಗೂ ಚಿತ್ರಕ್ಕೂ ನಡುವೆ ಒಂದು ಬೆರಳು ಗಾಳಿ ಆಡಿದರೆ ಸಾಕು. (ಬೂಷ್ಟು ಒರೆಸಿ, ಒಣಗಿಸಿ ಇಟ್ಟಿದ್ದ ಆ ಚಿತ್ರ ಆಮೇಲೆ ಚಿಕ್ಕಮಗಳೂರು ಕಡೆಯ ಒಂದು ಮನೆ ಸೇರಿತು. ಅವರದು ಅರೇಬಿಕಾ.)

ಆ ಚಳಿಗಾಲದಲ್ಲಿ ಇನ್ನೊಂದು ದರ್ಪಣಸುಂದರಿಯ ಆರ್ಡರ್ ಬಂತು. ಈ ಸಲ ಫೋಟೋ ಬದಿಗಿಟ್ಟು ಬೇಲೂರಿಗೇ ಹೋದೆ. ಅವಳು ನೆಟ್ಟಗೆ ನಿಂತಿಲ್ಲ. ಸೂರಿನ ಕೆಳಗೆ ಮುಂದಕ್ಕೆ ಬಾಗಿದ್ದಾಳೆ, ಕೆಳಗೆ ನಿಂತವನ ಕಣ್ಣಿಗೆ ಸಿಗುವ ಹಾಗೆ. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ. ಶಿಲ್ಪಿಗೆ ಉಳಿ ಹಿಡಿಯುವ ಮೊದಲೇ ಜಾಗ ಗೊತ್ತಿತ್ತು, ನೋಡುವವನು ಎಲ್ಲಿ ನಿಲ್ಲುತ್ತಾನೆ ಅನ್ನುವುದೂ ಗೊತ್ತಿತ್ತು. ಅಷ್ಟು ಸಲ ಅವಳನ್ನು ಬರೆದವನು ಇದನ್ನು ಗಮನಿಸಿರಲಿಲ್ಲ. ಯಾವಾಗಲೂ ನೆಟ್ಟಗಿನ ಫೋಟೋ ನೋಡಿಯೇ ಬರೆದದ್ದು, ಅಲ್ವಾ.

ಮಾರ್ಚಿನಲ್ಲಿ ಯಜಮಾನರ ಫೋನ್ ಬಂತು. "ಮೇಷ್ಟ್ರೇ, ನಿನ್ನೆ ರಾತ್ರಿ ಒಂದು ಇಂಚು ಹತ್ತು ಸೆಂಟು. ಎಂಟು-ಒಂಬತ್ತು ದಿನಕ್ಕೆ ಬನ್ನಿ." ಬೇಸಿಗೆಯ ಈ ಮಳೆ ಬಿದ್ದು ಎಂಟು-ಒಂಬತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ, ಅದಕ್ಕೇ ಇದು ಹೂ ಮಳೆ. ತೋಟದವರು ಮಳೆಯನ್ನು ಇಂಚು-ಸೆಂಟಿನಲ್ಲಿ ಅಳೆಯುತ್ತಾರೆ, ಇಂಚಿನ ನೂರನೇ ಒಂದು ಭಾಗ ಸೆಂಟು. ಅವರ ಮನೆಯ ಗೂಡಿನಲ್ಲಿ ಹಳೇ ಮಳೆ ಲೆಕ್ಕದ ಪುಸ್ತಕಗಳ ಸಾಲೇ ಇದೆ. ಹೂ ಮಳೆ ಯಾವ ದಿನ, ಎಷ್ಟು, ಎಲ್ಲ ಬರೆದಿದ್ದಾರೆ.

ಒಂಬತ್ತನೇ ದಿನ ಹೋದೆ. ಗೇಟಿನಲ್ಲೇ ಮಲ್ಲಿಗೆಯಂಥ ಘಮ, ಆಮೇಲೆ ಜೇನುನೊಣದ ಸದ್ದು. ರೋಬಸ್ಟಾ ಕಾಯಿ ಕಟ್ಟಬೇಕಾದರೆ ಬೇರೆ ಗಿಡದ ಪರಾಗ ಬರಬೇಕು, ಗಾಳಿ ಮತ್ತು ಜೇನುನೊಣವೇ ಗತಿ. ಹೂವಿನ ದಿನಗಳಲ್ಲಿ ಒಳಗೆ ಓಡಾಡಬೇಡಿ ಅಂದರು. ರಸ್ತೆಯ ತಿರುವಿನಲ್ಲಿ ಸ್ಟೂಲ್ ಹಾಕಿಕೊಂಡು ಅಂಗೈ ಅಗಲದ ಬೋರ್ಡುಗಳ ಮೇಲೆ ಬಣ್ಣದ ಟಿಪ್ಪಣಿ ಮಾಡಿದೆ. ನೆರಳಲ್ಲಿರುವ ಬಿಳಿ ಹೂ ಬಿಳಿ ಅಲ್ಲ, ತಿಳಿ ನೀಲಿ-ಬೂದು. ಎಲೆಯ ಹಸಿರು ಅದಕ್ಕೆ ಹಾಯುತ್ತದೆ. ಸಂಜೆ ಬೋರ್ಡುಗಳನ್ನು ಹಾಲ್‌ಗೆ ಒಯ್ದು, ಅದೇ ಗೋಡೆಗೆ ಇಟ್ಟು, ಅದೇ ಬಲ್ಬಿನ ಕೆಳಗೆ ನೋಡಿದೆ. ಯಾವ ಬಣ್ಣ ಉಳಿಯಿತು, ಯಾವುದು ಸತ್ತಿತು ಅಂತ ಪೆನ್ಸಿಲ್‌ನಲ್ಲಿ ಬೋರ್ಡಿನ ಹಿಂದೆ ಬರೆದುಕೊಂಡೆ. ಎರಡು ದಿನ ಇದೇ ಕೆಲಸ. ಮೂರನೇ ದಿನ ಹೂ ಕಂದಲು ಶುರುವಾಯಿತು.

ಹಾಸನಕ್ಕೆ ಬಂದು ಅದೇ ಥರದ ಬಲ್ಬು ಕೊಂಡೆ. ನೆಲಕ್ಕೆ ಕೆಂಪು ಜಮಖಾನ ಹಾಸಿದೆ. ಟ್ಯೂಬಿನಲ್ಲಿ ಬರುವ ಸಿದ್ಧ ಹಸಿರು ಬಣ್ಣವನ್ನು ಮುಟ್ಟಲಿಲ್ಲ. ಅಲ್ಟ್ರಾಮರೀನ್ ನೀಲಿ, ನಿಂಬೆ ಹಳದಿ ಕಲಸಿಯೇ ಹಸಿರು ಮಾಡಿದೆ. ನೆರಳಿಗೆ ಕಪ್ಪು ಹಾಕಲಿಲ್ಲ. ಬಿಳಿಗೆ ಚೂರು ನೀಲಿ. ಹಗಲಲ್ಲಿ ನೋಡಿದರೆ ಚಿತ್ರ ವಿಪರೀತ ತಣ್ಣಗೆ. ಹೆಂಡತಿ ಟೀ ತಂದವಳು "ಇದೇನ್ರೀ, ತೋಟಕ್ಕೆ ಚಳಿ ಜ್ವರ ಬಂದಿದ್ಯಾ" ಅಂದಳು. ಬಲ್ಬು ಹಾಕಿ ತೋರಿಸಿದೆ. ಆಮೇಲೆ ಮಾತಾಡಲಿಲ್ಲ, ಟೀ ಆರುವ ತನಕ ನಿಂತಿದ್ದಳು.

ಈಗ ಆರ್ಡರ್ ಬಂದರೆ ಮೊದಲು ಗೋಡೆ ನೋಡಲು ಹೋಗುತ್ತೇನೆ, ಸಂಜೆ ಲೈಟ್ ಹಾಕುವ ತನಕ ಕೂರುತ್ತೇನೆ. ಅದಕ್ಕೆ ಬೇರೆ ಚಾರ್ಜ್. "ಗೋಡೆ ನೋಡೋಕೂ ದುಡ್ಡಾ ಮೇಷ್ಟ್ರೇ?" ಅಂತ ನಗುತ್ತಾರೆ. ಒಂದಿಬ್ಬರು ಆರ್ಡರನ್ನೇ ಬಿಟ್ಟರು. ಬಿಡಲಿ. ಆರಡಿ-ನಾಲ್ಕಡಿಯ ಕ್ಯಾನ್ವಾಸು, ಬಣ್ಣ, ಎರಡು ತಿಂಗಳ ಕೂಲಿಯನ್ನು ಇನ್ನೊಮ್ಮೆ ಕೈಯಿಂದ ಹಾಕುವ ಶಕ್ತಿ ನನಗಿಲ್ಲ.

ಹೊಸ ಚಿತ್ರ ಹಾಕಿದ ಸಂಜೆ ಎಲ್ಲರೂ ಹಾಲ್‌ನಲ್ಲಿದ್ದರು. ಯಜಮಾನರು ಕನ್ನಡಕ ಹಾಕಿಕೊಂಡು ಬಂದರು. ನನಗೆ ಎದೆ ಡವಡವ. ಅವರು ಚಿತ್ರದ ಎಡಮೂಲೆಗೆ ಬಗ್ಗಿ, ಒಂದು ಗಿಡದ ಹತ್ತಿರ ಬೆರಳು ಹಿಡಿದರು.

"ಇದು ರಸ್ತೆ ತಿರುವಿನ ಗಿಡ ಅಲ್ವಾ?"

"ಹೌದು ಸಾರ್."

"ಚಿಗುರು ತೆಗೆದೇ ಇಲ್ಲವಲ್ಲ" ಅಂದವರೇ, ಹಿಂದೆ ತಿರುಗಿ ಮಗನನ್ನು ಕೂಗಿದರು. "ನಾಳೆ ಬೆಳಗ್ಗೆ ಆ ಕಡೆ ಒಬ್ಬ ಆಳು ಕಳಿಸೋ."